ನುಲಿಯ ಚಂದಯ್ಯನವರ ಹಗ್ಗ ಮತ್ತು ಇಂದಿನ ಸ್ಮಾರ್ಟ್ ನೂಲು: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ನೂಲ ಹುಣ್ಣಿಮೆ ಹತ್ತಿರ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ನುಲಿಯ ಚಂದಯ್ಯನವರ ಚಿತ್ರ ಓಡಾಡತೊಡಗುತ್ತದೆ. ಕೈಯಲ್ಲಿ ಹಗ್ಗ, ಹಿಂದೆ ಕೆರೆ, ಕೆಳಗೆ ಜಯಂತಿಯ ಶುಭಾಶಯ. ಅದರಲ್ಲಿ ತಕರಾರೇನೂ ಇಲ್ಲ. ತಕರಾರು ಬರುವುದು ಆ ಚಿತ್ರದ ಪಕ್ಕ ಇನ್ನೊಂದು ವಿಡಿಯೋ ಅಂಟಿಕೊಂಡಾಗ. ಎಳೆದರೆ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಏರುವ ನೂಲು, ಆ ನೂಲಿನ ಬೆರಳುಳ್ಳ ರೋಬಾಟ್ ಟೊಮ್ಯಾಟೊ ಒಡೆಯದಂತೆ ಎತ್ತಿಡುವ ದೃಶ್ಯ. ಜೊತೆಗೊಂದು ಸಾಲು: ಒತ್ತಡ ತಿಳಿಯುವ ಈ ನೂಲನ್ನು ಕಲ್ಯಾಣದ ಶರಣರು 900 ವರ್ಷಗಳ ಹಿಂದೆಯೇ ಮಾಡಿದ್ದರಂತೆ, ಹತ್ತು ಜನರಿಗೆ ಕಳಿಸಬೇಕಂತೆ.

ಮೊದಲೇ ಹೇಳಿಬಿಡುತ್ತೇವೆ: ಮಾಡಿರಲಿಲ್ಲ. ವಿದ್ಯುತ್ತೇ ಗೊತ್ತಿಲ್ಲದ ಕಾಲದಲ್ಲಿ ವಿದ್ಯುತ್ ಸಂಕೇತ ಕೊಡುವ ನೂಲು ಇರಲು ಸಾಧ್ಯವಿಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾದರೆ ಒಬ್ಬ ದೊಡ್ಡ ಮನುಷ್ಯನಿಗೆ ಅನ್ಯಾಯವಾಗುತ್ತದೆ. ಫಾರ್ವರ್ಡ್ ಬರೆದವರು ಚಂದಯ್ಯನವರ ಬದುಕನ್ನೂ ಓದಿಲ್ಲ, ಸ್ಮಾರ್ಟ್ ನೂಲು ಹೇಗೆ ಕೆಲಸ ಮಾಡುತ್ತದೆ ಎಂದೂ ನೋಡಿಲ್ಲ. ಎರಡನ್ನೂ ನೋಡಿದರೆ ನಿಜವಾದ ನಂಟೊಂದು ಸಿಗುತ್ತದೆ. ಅದು ಹುಲ್ಲನ್ನು ಹಗ್ಗ ಮಾಡುವ ಹುರಿಯಲ್ಲಿದೆ.

ನಮಗೆ ಗೊತ್ತಿರುವುದು ಎಲ್ಲಿಂದ?

ಚಂದಯ್ಯನವರು 12ನೇ ಶತಮಾನದವರು, ಬಸವಣ್ಣನವರ ಸಮಕಾಲೀನರು. ಅವರ ಬಗ್ಗೆ ತಿಳಿಯಲು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಅವರದೇ ವಚನಗಳು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ 48 ವಚನಗಳು ದೊರೆತಿವೆ. ಎರಡು, ಶರಣರ ಮಾತುಕತೆಗಳನ್ನು ನಾಟಕದ ಹಾಗೆ ಜೋಡಿಸಿದ ಶೂನ್ಯಸಂಪಾದನೆ. ಇದು 15ನೇ ಶತಮಾನದಿಂದ ಈಚೆಗೆ ಬೇರೆ ಬೇರೆಯವರ ಕೈಯಲ್ಲಿ ಹಲವು ಸಲ ಸಂಕಲನಗೊಂಡ ಗ್ರಂಥ. ಅಂದರೆ ಚಂದಯ್ಯನವರಾದ ಮೇಲೆ ಇನ್ನೂರು ಮುನ್ನೂರು ವರ್ಷ ಕಳೆದಿತ್ತು. ಮೂರು, ಊರೂರಿನ ನೆನಪು: ಬಸವಕಲ್ಯಾಣದಲ್ಲಿ ಅವರ ಹೆಸರಿನ ಗವಿ, ಚಿತ್ರದುರ್ಗ ಸೀಮೆಯಲ್ಲಿ ಅವರ ಗದ್ದುಗೆ.

ಚಿತ್ರದ ವಿಷಯಕ್ಕೆ ಬಂದರೆ, ಶರಣರ ಯಾರ ಮುಖವನ್ನೂ ಆ ಕಾಲದಲ್ಲಿ ಯಾರೂ ಬರೆದಿಟ್ಟಿಲ್ಲ. ನಾವು ಶೇರ್ ಮಾಡುವ ಚಿತ್ರಗಳೆಲ್ಲ ಈಚಿನ ಕಲಾವಿದರ ಕಲ್ಪನೆ. ಜಯಂತಿಯ ದಿನವೂ ಸಂಪ್ರದಾಯ ಗೊತ್ತು ಮಾಡಿದ್ದು. ಶ್ರಾವಣದ ಹುಣ್ಣಿಮೆಗೆ ನೂಲ ಹುಣ್ಣಿಮೆ ಎಂಬ ಹೆಸರು ಬಂದದ್ದು ಜನಿವಾರದ ನೂಲಿನಿಂದ. ಅಂದು ಜನಿವಾರ ಬದಲಿಸುವ ಪದ್ಧತಿ ಇದೆ. ಜನಿವಾರವನ್ನೇ ಪಕ್ಕಕ್ಕಿಟ್ಟ ಚಳವಳಿಯ ಒಬ್ಬ ಶರಣರ ಜಯಂತಿ ಅದೇ ದಿನ ಬರುತ್ತದೆ. ಇದು ನಮಗೆ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ. ಚಂದಯ್ಯನವರ ಕೈಯಲ್ಲಿದ್ದದ್ದು ಪೂಜೆಯ ನೂಲಲ್ಲ, ದನ ಕಟ್ಟುವ, ಹೊರೆ ಬಿಗಿಯುವ ಹಗ್ಗ.

ಶಿವಣಗಿಯಿಂದ ಕಲ್ಯಾಣಕ್ಕೆ

ಅವರ ಹುಟ್ಟೂರು ಇಂದಿನ ವಿಜಯಪುರ ಜಿಲ್ಲೆಯ ಶಿವಣಗಿ ಎಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಅವರು ಕಲ್ಯಾಣಕ್ಕೆ ಬಂದರು. ಇಂದು ನಾವು ಬಸವಕಲ್ಯಾಣ ಎನ್ನುವ, ಭಾಲ್ಕಿಯಿಂದ ಬಸ್ಸಿನಲ್ಲಿ ತಾಸು ಒಂದೂವರೆ ತಾಸಿನ ಹಾದಿಯ ಊರು ಆಗ ರಾಜಧಾನಿ. ಚಾಲುಕ್ಯರ ಕೈಯಿಂದ ಕಳಚುರಿ ಬಿಜ್ಜಳನ ಕೈಗೆ ಹೋಗಿದ್ದ ಪಟ್ಟಣ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಸುತ್ತ ಸೇರಿದ ಜನರನ್ನು ನೋಡಿ: ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರು ಹೆಣೆಯುವ ಮೇದರ ಕೇತಯ್ಯ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ. ಇವರೆಲ್ಲರಿಗೂ ಕೆಲಸವೇ ಮನೆತನದ ಹೆಸರು. ಚಂದಯ್ಯ ಎಂಬ ಹೆಸರಿನವರು ಹಲವರಿದ್ದಿರಬೇಕು, ಇವರು ಹಗ್ಗ ನುಲಿಯುವ ಚಂದಯ್ಯ.

ನುಲಿ ಎಂದರೆ ತಿರುಚು, ಹುರಿ ಮಾಡು. ನಮ್ಮ ಕಡೆ ಹೊಟ್ಟೆ ನುಲಿಯುತ್ತಿದೆ ಎನ್ನುತ್ತೇವಲ್ಲ, ಅದೇ ಮಾತು.

ಅವರ ದಿನಚರಿ ಸರಳ. ಕೆರೆ ಹಳ್ಳಗಳ ಅಂಚಿನಲ್ಲಿ ಬೆಳೆದ ಹುಲ್ಲು ಕೊಯ್ಯುವುದು, ಹದ ಮಾಡುವುದು, ಹಗ್ಗ ಹೊಸೆಯುವುದು, ಮಾರುವುದು, ಬಂದ ದುಡ್ಡಿನಲ್ಲಿ ಜಂಗಮರಿಗೆ ಉಣಬಡಿಸಿ ತಾವೂ ಉಣ್ಣುವುದು. ಕೆರೆಯಂಚಿನ ಹುಲ್ಲಿಗೆ ಯಾರಿಗೂ ಬೆಲೆ ಕೊಡಬೇಕಿಲ್ಲ. ಹಾಗಾಗಿ ಹಗ್ಗದ ಬೆಲೆಯೆಂದರೆ ಪೂರ್ತಿ ಅವರ ಕೈಕೆಲಸದ ಬೆಲೆ. ಮುಂದಿನ ಕಥೆಗೆ ಇದು ಬೇಕಾಗುತ್ತದೆ, ನೆನಪಿಡಿ.

ಹುಲ್ಲು ಹಗ್ಗವಾಗುವುದು ಹೇಗೆ?

ಒಂದು ಹುಲ್ಲಿನ ಎಸಳು ಹೆಚ್ಚೆಂದರೆ ಒಂದು ಮೊಳ ಎರಡು ಮೊಳ. ಎಳೆದರೆ ಪಟ್ಟನೆ ಹರಿಯುತ್ತದೆ. ಅಂಥ ಎಸಳುಗಳಿಂದ ಮೂವತ್ತು ಮೊಳದ, ಎತ್ತು ಜಗ್ಗಿದರೂ ಹರಿಯದ ಹಗ್ಗ ಆಗುತ್ತದೆ. ಅಂಟಿಲ್ಲ, ಗಂಟಿಲ್ಲ. ಹೇಗೆ?

ಮನೆಯಲ್ಲೇ ನೋಡಬಹುದು. ದೇವರ ದೀಪಕ್ಕೆ ಬತ್ತಿ ಮಾಡುವ ಅರಳೆ ತೆಗೆದುಕೊಳ್ಳಿ. ಉದ್ದಕ್ಕೆ ಎಳೆದರೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಅದೇ ಅರಳೆಯನ್ನು ಅಂಗೈ ಮೇಲೆ ಹೊಸೆದು ಎಳೆಯಿರಿ. ಈಗ ಬಿಡುವುದಿಲ್ಲ. ಅರಳೆ ಬದಲಾಗಿಲ್ಲ, ಹುರಿ ಬಂದಿದೆ ಅಷ್ಟೇ. ಹುರಿ ಬಂದಾಗ ಎಳೆಗಳು ಒಂದರ ಸುತ್ತ ಒಂದು ಸುರುಳಿಯಾಗಿ ಕೂರುತ್ತವೆ. ಉದ್ದಕ್ಕೆ ಎಳೆದಾಗ ಸುರುಳಿ ಒಳಮುಖವಾಗಿ ಬಿಗಿಯುತ್ತದೆ, ಒಂದೆಳೆ ಇನ್ನೊಂದನ್ನು ಒತ್ತುತ್ತದೆ, ಒತ್ತಿದಷ್ಟೂ ಉಜ್ಜಾಟ ಹೆಚ್ಚಿ ಜಾರುವುದು ನಿಲ್ಲುತ್ತದೆ. ಜಗ್ಗಿದಷ್ಟೂ ಬಿಗಿ. ಹಗ್ಗದ ಗುಟ್ಟು ಇಷ್ಟೇ.

ಇನ್ನೊಂದು ಜಾಣತನವಿದೆ. ಒಂದೇ ಎಳೆಗೆ ಹುರಿ ಹಾಕಿ ಕೈ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಎರಡು ಅಥವಾ ಮೂರು ಎಳೆಗಳಿಗೆ ಒಂದು ದಿಕ್ಕಿಗೆ ಹುರಿ ಹಾಕಿ, ಅವನ್ನು ಒಟ್ಟಿಗೆ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಬಿಡಿ ಎಳೆಗಳು ಬಿಚ್ಚಿಕೊಳ್ಳಲು ನೋಡುವ ದಿಕ್ಕಿನಲ್ಲೇ ದೊಡ್ಡ ಹಗ್ಗ ಬಿಗಿಯುತ್ತದೆ. ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ನಮ್ಮ ಕಡೆ ಹೊಲದ ಬದುವಿನಲ್ಲಿ ಪುಂಡಿ ಬೆಳೆದು, ಸೊಪ್ಪು ಪಲ್ಯಕ್ಕೆ ಕೊಯ್ದು, ದಂಟು ನೀರಲ್ಲಿ ಕೊಳೆಹಾಕಿ ನಾರು ಸುಲಿದು ಹಗ್ಗ ಹೊಸೆಯುತ್ತಿದ್ದ ಅಜ್ಜಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಹುರಿ ಎಷ್ಟು ಹಾಕಬೇಕು ಎಂಬುದೇ ಕಷ್ಟದ ಪ್ರಶ್ನೆ. ಕಡಿಮೆಯಾದರೆ ಎಳೆಗಳು ಜಾರುತ್ತವೆ. ಹೆಚ್ಚಾದರೆ ಎಳೆಗಳು ತೀರಾ ಓರೆಯಾಗಿ, ಉದ್ದಕ್ಕೆ ಬಂದ ಭಾರ ಹೊರುವ ಶಕ್ತಿ ಕುಗ್ಗುತ್ತದೆ, ಹಗ್ಗ ಮುದುಡಿ ಕುಣಿಕೆ ಕುಣಿಕೆಯಾಗುತ್ತದೆ. ನಡುವೆ ಒಂದು ಹದವಿದೆ. ಅದನ್ನು ಹೊಸೆಯುವವರು ಕಣ್ಣಿನಿಂದ ನೋಡುವುದಿಲ್ಲ, ಬೆರಳಿನಿಂದ ತಿಳಿಯುತ್ತಾರೆ. ಮನುಷ್ಯನ ಒಂದು ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಒತ್ತಡ, ಕಂಪನ, ಜಾರುವಿಕೆ, ಎಳೆತ ತಿಳಿಯುವ ಸುಮಾರು 17,000 ನರತುದಿಗಳಿವೆ. ಸ್ನಾಯು ಎಷ್ಟು ಚಾಚಿದೆ, ಸ್ನಾಯುರಜ್ಜು ಎಷ್ಟು ಬಿಗಿದಿದೆ ಎಂದು ತಿಳಿಸುವ ಅಂಗಗಳು ಬೇರೆ. ಕಲ್ಯಾಣದ ಕೆರೆ ದಂಡೆಯಲ್ಲಿ ಎಳೆತ ಅಳೆಯುವ ಸೆನ್ಸರ್ ಇತ್ತೇ ಎಂದು ಕೇಳಿದರೆ, ಇತ್ತು. ಅದು ಹಗ್ಗದಲ್ಲಿರಲಿಲ್ಲ, ಚಂದಯ್ಯನವರ ಕೈಯಲ್ಲಿತ್ತು.

ಲಿಂಗ ಬಿದ್ದ ಕಥೆ

ಚಂದಯ್ಯನವರನ್ನು ಪ್ರಸಿದ್ಧರನ್ನಾಗಿಸಿದ ಕಥೆ ಇದು. ಕೆಲವು ಫಾರ್ವರ್ಡ್‌ಗಳು ಇದರಲ್ಲೇ ರೋಬಾಟ್ ಹುಡುಕುತ್ತವೆ.

ಒಂದು ದಿನ ಹುಲ್ಲು ಕೊಯ್ಯಲು ಬಗ್ಗಿದಾಗ ಮೈಮೇಲಿದ್ದ ಇಷ್ಟಲಿಂಗ ಜಾರಿ ಬಿತ್ತು. ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕು ಎಂದು ನಂಬುವ ನಿಷ್ಠೆಯ ಕಾಲ. ಚಂದಯ್ಯನವರು ತಿರುಗಿಯೂ ನೋಡದೆ ಕೆಲಸ ಮುಂದುವರಿಸಿದರು. ಅವರ ಲೆಕ್ಕದಲ್ಲಿ ಬಿಟ್ಟುಹೋದದ್ದು ಲಿಂಗ, ತಾವಲ್ಲ. ಜಂಗಮ ದಾಸೋಹ ನಿಲ್ಲಬಾರದು, ಅದಕ್ಕೆ ಹಗ್ಗ ಬೇಕು, ಹಗ್ಗಕ್ಕೆ ಹುಲ್ಲು ಬೇಕು. ಲಿಂಗವೇ ಹಿಂದೆ ಬಂದು ಮತ್ತೆ ಸ್ವೀಕರಿಸೆಂದು ಬೇಡಿಕೊಂಡಿತಂತೆ. ಇವರು ಒಪ್ಪಲಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬಂದು, ಲಿಂಗವಿಲ್ಲದೆ ಜಂಗಮ ಸೇವೆ ಹೇಗೆ ನಡೆದೀತೆಂದು ವಾದಿಸಿದರು. ಶೂನ್ಯಸಂಪಾದನೆಯಲ್ಲಿ ಈ ವಾದಕ್ಕೇ ಒಂದು ಅಧ್ಯಾಯ ಮೀಸಲು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ಯಾರಿಗೂ ಬಿಡುಗಡೆಯಿಲ್ಲ ಎಂಬುದು ಚಂದಯ್ಯನವರ ನಿಲುವು. ಕೊನೆಗೆ ರಾಜಿಯಾದದ್ದು ಒಂದು ಕರಾರಿನ ಮೇಲೆ: ಲಿಂಗವೂ ದುಡಿಯಬೇಕು, ಹಗ್ಗ ಹೊತ್ತು ಮಾರಿ ಬರಬೇಕು.

ಜನಪ್ರಿಯ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಲಿಂಗ ಹಗ್ಗವನ್ನು ಬಸವಣ್ಣನವರ ಬಳಿಗೆ ಒಯ್ದಿತು. ಭಂಡಾರಿಯ ಮನೆ, ಭಕ್ತಿಯ ಉಬ್ಬು. ಅವರು ಸಾವಿರ ಹೊನ್ನು ಕೊಟ್ಟು ಕಳಿಸಿದರು. ನಾವಾದರೆ ಕುಣಿದಾಡುತ್ತಿದ್ದೆವು. ಚಂದಯ್ಯನವರಿಗೆ ಸಿಟ್ಟು ಬಂತು. ಹಗ್ಗದ ಬೆಲೆ ಅಷ್ಟಿಲ್ಲ, ಹೆಚ್ಚಿಗೆ ಬಂದದ್ದು ತಮ್ಮ ದುಡಿಮೆಯದಲ್ಲ. ಆ ಹೊನ್ನು ದಾಸೋಹಕ್ಕೆ ಸಲ್ಲದು ಎಂದು ಹಿಂದಿರುಗಿಸಿ, ಹಗ್ಗಕ್ಕೆ ನ್ಯಾಯವಾಗಿ ಬರಬೇಕಾದಷ್ಟನ್ನೇ ಪಡೆದರು. ಬೇರೆಯವರನ್ನು ಪೀಡಿಸಿ, ಬೇಡಿ ತಂದ ಹಣದಲ್ಲಿ ಮಾಡುವ ಪೂಜೆ ದಾಸೋಹಗಳು ದೇವರಿಗೆ ಮುಟ್ಟುವುದಿಲ್ಲ ಎಂಬ ಅರ್ಥದ ಮಾತು ಅವರ ವಚನಗಳಲ್ಲೂ ಇದೆ. ಹಾಗಾಗಿ ಕಥೆಯ ಪವಾಡದ ಭಾಗವನ್ನು ಬದಿಗಿಟ್ಟರೂ ಅದರ ತಿರುಳು ಅವರದ್ದೇ ಎನ್ನಲು ಅಡ್ಡಿಯಿಲ್ಲ.

ಲಿಂಗ ನಡೆದು ಬಂದದ್ದನ್ನು ಯಂತ್ರ ಎಂದು ಓದುವುದರಲ್ಲಿ ನಮಗೆ ಕಾಣುವ ದೊಡ್ಡ ನಷ್ಟ ಇದೇ. ದೇವರನ್ನೇ ಕೂಲಿಗೆ ಹಚ್ಚುವ, ಭಂಡಾರಿಯ ಮುಖಕ್ಕೆ ಹೆಚ್ಚಿನ ಹೊನ್ನು ಹಿಂದಿರುಗಿಸುವ ಧೈರ್ಯ ಈ ಕಥೆಯಲ್ಲಿದೆ. ಆ ಜಾಗದಲ್ಲಿ ಒಂದು ಆಟಿಗೆ ಇಟ್ಟರೆ ಏನುಳಿಯಿತು?

ಹಾಗಾದರೆ ಸ್ಮಾರ್ಟ್ ನೂಲು ಎಂದರೇನು?

ಎಳೆತವನ್ನು ವಿದ್ಯುತ್ತಿನಿಂದ ಅಳೆಯುವ ಕಥೆ ಶುರುವಾಗುವುದು ಕಲ್ಯಾಣದ ಶರಣರಾದ ಸುಮಾರು 700 ವರ್ಷಗಳ ಮೇಲೆ. 1856ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು) ಕಬ್ಬಿಣ ಮತ್ತು ತಾಮ್ರದ ತಂತಿಗಳನ್ನು ಎಳೆದರೆ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ ಎಂದು ತೋರಿಸಿದರು. 1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುದಾವೇಶ ಹುಟ್ಟುತ್ತದೆ ಎಂದು ಕಂಡರು. 1938ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು, ಸಿಮನ್ಸ್ ಮತ್ತು ರೂಜ್, ಬೇರೆ ಬೇರೆಯಾಗಿ ದುಡಿದು ಕೆಲ್ವಿನ್ ಕಂಡದ್ದನ್ನು ಅಂಟಿಸಬಹುದಾದ ಸಣ್ಣ ಪಟ್ಟಿಯಾಗಿ ಮಾಡಿದರು.

ಆ ಪಟ್ಟಿ ನಮ್ಮ ಜಿಲ್ಲೆಯಲ್ಲೂ ದಿನಾ ದುಡಿಯುತ್ತಿದೆ. ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರ್ ಎಲೆಕ್ಟ್ರಾನಿಕ್ ತೂಕದ ಸೇತುವೆ ಹತ್ತಿದಾಗ, ಔರಾದ್ ಬಜಾರಿನ ಕಾಟಾದ ಮೇಲೆ ತೊಗರಿ, ಸೋಯಾ ಚೀಲ ಇಟ್ಟಾಗ, ಒಳಗಿನ ಉಕ್ಕಿನ ತುಂಡು ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸಪೂರ ಲೋಹದ ಗೆರೆಗಳು ಎಳೆತಕ್ಕೆ ಸಿಕ್ಕು ರೋಧ ಬದಲಿಸುತ್ತವೆ, ಪರದೆಯಲ್ಲಿ ಅಂಕಿ ಮೂಡುತ್ತದೆ. ರೈತನ ವರ್ಷದ ದುಡಿಮೆಗೆ ಬೆಲೆ ಕಟ್ಟುವುದು ಆ ಅಂಕಿ. ಕಾಟಾ ಸರಿಯಿದೆಯೇ, ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವ ಹಕ್ಕು ಮಾರುವವರಿಗೆ ಇದೆ. ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದವರ ನೆನಪಿನಲ್ಲಿ ಈ ಮಾತು ಹೇಳಿದರೆ ಅಸಂಬದ್ಧವಾಗಲಾರದು ಎಂದುಕೊಂಡಿದ್ದೇವೆ.

ಉಕ್ಕಿನ ಮೇಲಿನ ಪಟ್ಟಿ ಗಟ್ಟಿ. ಮೈಮೇಲೆ ತೊಡಲಾಗದು, ಮೆತ್ತನೆಯ ರೋಬಾಟ್ ಬೆರಳಿಗೆ ಹಾಕಲಾಗದು. ರಬ್ಬರಿನಂಥ ಬೆರಳು ಬಾಗಬೇಕು, ಅದರೊಳಗಿನ ಸೆನ್ಸರೂ ಬಾಗಬೇಕು. ಅದಕ್ಕೆ ಸಂಶೋಧಕರು ನೂಲಿಗೆ ಬಂದರು, ನೂಲಿನ ಜೊತೆ ಹುರಿಗೂ ಬಂದರು.

ಒಂದು ಬಗೆಯಲ್ಲಿ ನೂಲಿನ ಎಳೆಗಳಿಗೆ ಬೆಳ್ಳಿ ಅಥವಾ ಇಂಗಾಲದ ಲೇಪ ಕೊಡುತ್ತಾರೆ. ಹುರಿ ಹಾಕಿದ ನೂಲನ್ನು ಎಳೆದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ ಎಂದೆವಲ್ಲ. ಒತ್ತಿದಾಗ ಅವು ಮುಟ್ಟಿಕೊಳ್ಳುವ ಜಾಗ ಹೆಚ್ಚಿ ವಿದ್ಯುತ್ ಹರಿಯುವ ದಾರಿ ಸಲೀಸಾಗುತ್ತದೆ. ಕೆಲವು ನೂಲುಗಳಲ್ಲಿ ಉಲ್ಟಾ: ಲೇಪದಲ್ಲಿ ಸಣ್ಣ ಬಿರುಕು ಬಿಟ್ಟು ದಾರಿ ದುರ್ಗಮವಾಗುತ್ತದೆ. ಹೇಗಾದರೂ ಸರಿ, ಬದಲಾವಣೆ ಅಳೆದರೆ ಎಳೆತ ಗೊತ್ತಾಗುತ್ತದೆ. ಇನ್ನೊಂದು ಬಗೆಯಲ್ಲಿ ರಬ್ಬರಿನ ಕವಚವಿರುವ ಎರಡು ವಾಹಕ ನೂಲುಗಳನ್ನು ಜೊತೆಯಾಗಿ ಹೊಸೆಯುತ್ತಾರೆ. ಒತ್ತಿದಾಗ ಅವುಗಳ ನಡುವಿನ ಅಂತರ ಕಡಿಮೆಯಾಗಿ ವಿದ್ಯುತ್ ಹಿಡಿದಿಡುವ ಗುಣ ಬದಲಾಗುತ್ತದೆ. ಮೂರನೆಯದು ಕ್ಯೂರಿಗಳ ದಾರಿ. ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಹಿಗ್ಗಿದಾಗ ತಾನೇ ವಿದ್ಯುತ್ ಸಂಕೇತ ಕೊಡುತ್ತದೆ, ಅದರಿಂದ ಎಳೆ ತೆಗೆಯಬಹುದು. ಗಾಜಿನ ಎಳೆಯೊಳಗೆ ಬೆಳಕು ಹಾಯಿಸಿ ಎಳೆತ ಅಳೆಯುವುದೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಥ ಗಾಜಿನ ಎಳೆಗಳಿಂದ ಪಾದದ ಒತ್ತಡ, ಕೈನಾಡಿಯ ಮಿಡಿತ ಅಳೆಯುವ ಕೆಲಸ ನಡೆದಿದೆ.

ಹುರಿಯ ಮಹಿಮೆ ಇನ್ನೂ ಇದೆ. 2014ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯವರು ಬೇರೆ ದೇಶದ ಸಂಗಡಿಗರ ಜೊತೆ ಸೇರಿ ಮೀನು ಹಿಡಿಯುವ ನೈಲಾನ್ ದಾರಕ್ಕೆ ಹುರಿ ಮೇಲೆ ಹುರಿ ಹಾಕಿ ಸ್ಪ್ರಿಂಗಿನಂತೆ ಸುರುಳಿ ಮಾಡಿದರು. ಕಾಯಿಸಿದರೆ ಅದು ಕುಗ್ಗಿ, ಅಷ್ಟೇ ಉದ್ದ ಅಷ್ಟೇ ತೂಕದ ಮನುಷ್ಯನ ಸ್ನಾಯುವಿಗಿಂತ ನೂರು ಪಟ್ಟು ಭಾರ ಎತ್ತಿತು. 2017ರಲ್ಲಿ ಅವರೇ ದಕ್ಷಿಣ ಕೊರಿಯಾದ ಹನ್ಯಾಂಗ್ ವಿಶ್ವವಿದ್ಯಾಲಯದವರ ಜೊತೆ, ಎಳೆದಾಗ ಸ್ವಲ್ಪ ವಿದ್ಯುತ್ ಹುಟ್ಟಿಸುವ ಇಂಗಾಲದ ನೂಲು ಮಾಡಿದರು. ಅಜ್ಜಂದಿರು ತಪ್ಪೆಂದು ಬಿಚ್ಚುತ್ತಿದ್ದ ಹುರಿ, ಹಗ್ಗ ಕುಣಿಕೆ ಕುಣಿಕೆಯಾಗುವ ಅತಿ ಹುರಿ, ಇಲ್ಲಿ ಬೇಕೆಂದೇ ಹಾಕಿದ್ದು. ಇದನ್ನು ಓದಿದಾಗ ನಮಗೆ ಖುಷಿಯಾದದ್ದು ನಿಜ.

ಫಾರ್ವರ್ಡ್ ಹೇಳದ ತೊಡಕುಗಳೂ ಇವೆ. ಬೆವರು, ಸಾಬೂನು, ಬಿಸಿಲು ತಾಗಿದರೆ ಲೇಪ ಹಾಳಾಗುತ್ತದೆ. ಕೆಲ್ವಿನ್ನರ ಗುಣವೇ ಇದರ ಶತ್ರು ಕೂಡ: ರೋಧ ಎಳೆತಕ್ಕೆ ಮಾತ್ರವಲ್ಲ, ಶಾಖಕ್ಕೂ ಬದಲಾಗುತ್ತದೆ. ಎಳೆದು ಬಿಟ್ಟ ನೂಲು ಮೊದಲಿನ ಸ್ಥಿತಿಗೆ ಪೂರ್ತಿ ಮರಳದೆ ತಪ್ಪು ಅಂಕಿ ಕೊಡುತ್ತದೆ. ಹಾಗಾಗಿ ಪ್ರಯೋಗಾಲಯದ ವಿಡಿಯೋದಲ್ಲಿ ಕಂಡದ್ದೆಲ್ಲ ಅಂಗಡಿಗೆ ಬಂದಿಲ್ಲ.

ಬಂದಿದೆ ಎಂದು ಮಾರುವವರ ಬಗ್ಗೆ ಎಚ್ಚರ ಇರಲಿ. ಮಂಡಿಪಟ್ಟಿ, ಕಾಲುಚೀಲ, ಸೊಂಟಪಟ್ಟಿಗೆ ಸ್ಮಾರ್ಟ್ ಸೆನ್ಸರ್ ನೂಲು ಇದೆ, ನೋವು ಎಳೆದುಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಇಳಿಸುತ್ತದೆ ಎಂಬ ಜಾಹೀರಾತು ಬಂದರೆ ಒಂದು ಸುಲಭ ಪರೀಕ್ಷೆ ಮಾಡಿ. ಅದಕ್ಕೆ ಬ್ಯಾಟರಿ ಎಲ್ಲಿದೆ, ಸಂಕೇತ ಓದುವ ಸಾಧನ ಎಲ್ಲಿದೆ, ಅಂಕಿ ಎಲ್ಲಿ ಕಾಣುತ್ತದೆ ಎಂದು ಕೇಳಿ. ಇವು ಯಾವುದೂ ಇಲ್ಲದಿದ್ದರೆ ಅದು ಮಾಮೂಲಿ ಪಟ್ಟಿ. ಇದ್ದರೂ ಅದು ಅಳೆಯುತ್ತದೆ ಅಷ್ಟೇ, ಗುಣಪಡಿಸುವುದಿಲ್ಲ. ತಕ್ಕಡಿ ಹತ್ತಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲವಲ್ಲ. ಸಕ್ಕರೆ ಕಾಯಿಲೆಯವರ ಪಾದ ಮರಗಟ್ಟಿ, ಗಾಯ ತಿಳಿಯದೆ ಹುಣ್ಣಾಗುವುದನ್ನು ತಡೆಯಲು ಒತ್ತಡ ಅಳೆಯುವ ಕಾಲುಚೀಲಗಳ ಮೇಲೆ ನಿಜವಾದ ಸಂಶೋಧನೆ ನಡೆಯುತ್ತಿದೆ. ಅದು ಕೈಗೆ ಸಿಗುವ ತನಕ ದಿನಾ ರಾತ್ರಿ ಅಂಗಾಲನ್ನು ಕಣ್ಣಿನಿಂದ ನೋಡುವುದು, ಬರಿಗಾಲಲ್ಲಿ ಓಡಾಡದಿರುವುದು, ಗಾಯ ಕಂಡರೆ ಡಾಕ್ಟರ ಬಳಿ ಹೋಗುವುದೇ ದಾರಿ. ಔಷಧ ಬಿಟ್ಟು ಕಾಲುಚೀಲ ನಂಬಿ ಕೂತರೆ ಕಾಲೇ ಹೋಗಬಹುದು.

ಕಲ್ಯಾಣ ಬಿಟ್ಟ ಮೇಲೆ

ಚಂದಯ್ಯನವರ ಬದುಕಿನ ಕೊನೆಯ ಭಾಗಕ್ಕೆ ಬರೋಣ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದರು. ಬಿಜ್ಜಳ ಇಬ್ಬರು ತಂದೆಯರಿಗೂ ಕ್ರೂರ ಶಿಕ್ಷೆ ಕೊಟ್ಟ ಎಂಬುದು ಪರಂಪರೆ. 1160ರ ದಶಕದ ಕೊನೆಗೆ ಕಲ್ಯಾಣದಲ್ಲಿ ದಂಗೆ ಎದ್ದು, ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕಾಪಾಲಾದರು. ಚನ್ನಬಸವಣ್ಣನವರ ಮುಂದಾಳತ್ವದಲ್ಲಿ ಒಂದು ದೊಡ್ಡ ಗುಂಪು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಕಾಡಿನ ದಾರಿಯಾಗಿ ಉಳವಿಯ ಕಡೆ ನಡೆಯಿತು. ಚಂದಯ್ಯನವರೂ ಅವರೊಡನೆ ಹೊರಟರು ಎನ್ನುತ್ತಾರೆ. ಹೊರೆ ಬಿಗಿಯಲು, ಹಳ್ಳ ದಾಟಲು, ಆ ಗುಂಪಿಗೆ ಹಗ್ಗದವರಷ್ಟು ಬೇಕಾದವರು ಇನ್ನಾರಿದ್ದರು ಎಂದು ನಮಗೆ ಅನ್ನಿಸುತ್ತದೆ. ಇದು ನಮ್ಮ ಊಹೆ, ಫಾರ್ವರ್ಡ್ ಮಾಡಬೇಡಿ.

ಅಲ್ಲಿಂದ ಅವರು ದಕ್ಷಿಣಕ್ಕೆ ಇಳಿದರೆಂದೂ, ಅದೇ ಕಾಯಕ ಮುಂದುವರಿಸಿದರೆಂದೂ ಆ ಸೀಮೆಯ ನಂಬಿಕೆ. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಅವರ ಗದ್ದುಗೆ ಇದೆ. ಊರಿನ ಹೆಸರಿನಲ್ಲೇ ನುಲಿ ಕುಳಿತಿದೆ.

ಇತ್ತ ಬಸವಕಲ್ಯಾಣದಲ್ಲಿ ಶರಣರ ನೆನಪು ಬಹುಕಾಲ ಗವಿಗಳಲ್ಲಿ, ಜನರ ಬಾಯಲ್ಲಿ ಉಳಿದಿತ್ತು. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಕ್ಕಳಿಗೆ ಕನ್ನಡ ಕಲಿಸಿದರು. ಅವರು ಹುಟ್ಟಿದ್ದು ಆಗ ಔರಾದ್ ಕಡೆಗಿದ್ದ ಕಮಲನಗರದಲ್ಲಿ. 1950ರ ದಶಕದಲ್ಲಿ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಎದ್ದದ್ದೂ ಅವರ ಪ್ರಯತ್ನದಿಂದ. ಆ ಊರಿನ ತ್ರಿಪುರಾಂತ ಕೆರೆಯ ಕಡೆ ಹೋದರೆ ನುಲಿಯ ಚಂದಯ್ಯನವರ ಗವಿ ಕೇಳಿ, ತೋರಿಸುತ್ತಾರೆ.

ಇಂದು ರಾಜ್ಯ ಸರ್ಕಾರವೇ ಅವರ ಜಯಂತಿ ಆಚರಿಸುತ್ತದೆ. ಅವರನ್ನು ತಮ್ಮ ಕುಲದ ಹಿರಿಯರೆಂದು ನೆನೆಯುವವರು ಕೊರಮ, ಕೊರವ, ಕೊರಚ ಎಂದು ಕರೆಯಲಾಗುವ ಕುಳುವ ಸಮುದಾಯದವರು. ಹಗ್ಗ, ಬುಟ್ಟಿ, ಚಾಪೆ, ಕಸಬರಿಗೆ ಅವರ ಹಳೆಯ ಕಸುಬು. ಬ್ರಿಟಿಷರ ಕಾಲದಲ್ಲಿ ಇವರ ಪೈಕಿ ಅನೇಕರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸುವ ಕಾನೂನಿತ್ತು. ಅದು 1952ರಲ್ಲಿ ರದ್ದಾಯಿತು. ಈಗ ಅವರ ಹಗ್ಗಕ್ಕೆ ಎದುರಾಳಿ ಅಂಗಡಿಯಲ್ಲಿ ತೂಗಿ ಕೊಡುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ. ಅದು ಮಳೆಗೆ ಕೊಳೆಯುವುದಿಲ್ಲ, ಅಗ್ಗ. ಆದರೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಗಂಟು ಜಾರುತ್ತದೆ, ದನದ ಕೊರಳು ಉಜ್ಜಿ ಗಾಯ ಮಾಡುತ್ತದೆ. ದೇವಣಿ ಎತ್ತು ಸಾಕಿದ ನಮ್ಮ ಕಡೆಯ ಕೆಲವು ರೈತರು ಹೊರೆ ಬಿಗಿಯಲು ಪ್ಲಾಸ್ಟಿಕ್ ಬಳಸಿದರೂ ಕೊರಳಿಗೆ ಮಾತ್ರ ಇಂದಿಗೂ ನಾರಿನ ಹಗ್ಗವನ್ನೇ ಹುಡುಕುತ್ತಾರೆ. ಸಂತೆಯಲ್ಲಿ ಅದನ್ನು ಕೊಳ್ಳುವಾಗ ಎರಡೂ ತುದಿ ಹಿಡಿದು ಒಮ್ಮೆ ಜಗ್ಗಿ ನೋಡಿ, ಆಮೇಲೆ ಬೆಲೆ ಕೇಳುತ್ತಾರೆ.